ಹೆಳವನ ಚೋಪಡಿಯಲ್ಲಿ ಇಲ್ಲದ ಹೆಸರು

ಕಳೆದ ವರ್ಷ ಒಂದು ಸಂಜೆ ನಮ್ಮ ವಿದ್ಯಾರ್ಥಿನಿ ನಿಲಯದಲ್ಲಿ ದೀಪ ಆರಿಹೋಗಿ ಓದು ನಿಂತಾಗ, ಕಾಲ ಕಳೆಯಲೆಂದು ನಾನೊಂದು ಪ್ರಶ್ನೆ ಹಾಕಿದೆ. ಪ್ರತಿಯೊಬ್ಬರಿಗೂ ತಂದೆ ತಾಯಿ ಇಬ್ಬರು. ಅಜ್ಜ ಅಜ್ಜಿಯರು ನಾಲ್ವರು. ಅದೇ ಲೆಕ್ಕದಲ್ಲಿ ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. ಈ ಎಂಟೂ ಹೆಸರುಗಳನ್ನು ತಪ್ಪಿಲ್ಲದೆ ಹೇಳಬಲ್ಲವರು ಯಾರು? ಹೇಳಿದವರಿಗೆ ಮರುದಿನ ಕ್ಯಾಂಟೀನಿನಲ್ಲಿ ಚಹಾ ಮತ್ತು ಮಿರ್ಚಿ ನನ್ನ ಲೆಕ್ಕ ಎಂದು ಪಣವನ್ನೂ ಒಡ್ಡಿದೆ. ನನ್ನ ಹಣ ಉಳಿಯಿತು. ಬಹಳ ಮಂದಿ ಮೂರು ಹೆಸರುಗಳವರೆಗೆ ಬಂದು ನಿಂತರು. ಒಬ್ಬಳು ಐದು ಹೇಳಿದಳು. ಪ್ರಶ್ನೆ ಹಾಕಿದ ನನಗೂ ನಾಲ್ಕೇ ಗೊತ್ತಿದ್ದುದು. ಆದರೆ ಆ ಕತ್ತಲೆಯಲ್ಲಿ ಬೇರೊಂದು ಸಂಗತಿ ನನ್ನ ಗಮನಕ್ಕೆ ಬಂದಿತು: ಹೇಳಿದ ಹೆಸರುಗಳೆಲ್ಲ ಬಹುಮಟ್ಟಿಗೆ ಗಂಡಸರವು. ಹೇಳಿದವರೆಲ್ಲರೂ ಹೆಣ್ಣುಮಕ್ಕಳು!

ಇದಾದ ಮೇಲೆ ನನಗೆ ನಮ್ಮ ಮನೆತನದ ಹಿಂದಿನದನ್ನು ತಿಳಿಯಬೇಕೆಂಬ ಹುಚ್ಚು ಹತ್ತಿತು. ರಾಜರ ವಂಶಾವಳಿಗಳನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಬಾದಾಮಿಯ ಚಾಲುಕ್ಯರಲ್ಲಿ ಮೊದಲನೆಯ ಪುಲಕೇಶಿಯ ಮಗ ಕೀರ್ತಿವರ್ಮ, ಅವನ ತಮ್ಮ ಮಂಗಳೇಶ, ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿ ಎಂದು ಗಡಗಡನೆ ಒಪ್ಪಿಸುವ ನಮಗೆ, ಕೇವಲ ನೂರು ವರ್ಷಗಳ ಹಿಂದೆ ನಮ್ಮದೇ ಹೊಲವನ್ನು ಉತ್ತವರ ಹೆಸರು ಗೊತ್ತಿಲ್ಲವೆಂದರೆ ಸೋಜಿಗವಲ್ಲವೆ? ಸಾಮಾನ್ಯ ಮನೆತನವೊಂದರ ಹಿಂದಿನದನ್ನು ತಿಳಿಯಲು ನಮ್ಮ ಕಡೆ ಏನೇನು ದಾರಿಗಳಿವೆ, ಅವು ಎಲ್ಲಿಯವರೆಗೆ ಕರೆದೊಯ್ಯುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದನ್ನು ನಾನು ಕಂಡಷ್ಟು ಇಲ್ಲಿ ಬರೆಯುತ್ತೇನೆ. ವಾಚಕರು ತಮ್ಮ ತಮ್ಮ ಮನೆಯಲ್ಲಿಯೂ ಇದನ್ನು ಪರೀಕ್ಷಿಸಿ ನೋಡಬಹುದು.

ಉತ್ತರ ಕರ್ನಾಟಕದವರಿಗೆ ಇದರಲ್ಲಿ ಒಂದು ಸೌಭಾಗ್ಯವಿದೆ. ನಮಗೆ ಹೆಳವರಿದ್ದಾರೆ. ಹೆಳವ ಎಂದರೆ ಕಾಲಿಲ್ಲದವನು, ಕುಂಟ. ತಮ್ಮ ಮೂಲಪುರುಷರು ಕಾಲಿಲ್ಲದವರಾಗಿದ್ದರೆಂದೂ, ಬಸವಣ್ಣನವರು ಅವರಿಗೆ ಎತ್ತನ್ನು ಕೊಟ್ಟು, ಮನೆಮನೆಗೆ ಹೋಗಿ ಒಕ್ಕಲುಗಳ ವಂಶವನ್ನು ಹೊಗಳಿ ಕಾಳು ಪಡೆದು ಬದುಕಿರೆಂದು ಹೇಳಿದರೆಂದೂ ಅವರು ಹೇಳಿಕೊಳ್ಳುತ್ತಾರೆ. ಇದು ಐತಿಹ್ಯ. ಆದರೆ ಅವರ ಕಾಯಕ ಮಾತ್ರ ಐತಿಹ್ಯವಲ್ಲ. 1909ರಲ್ಲಿ ಪ್ರಕಟವಾದ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳ ಗ್ರಂಥದಲ್ಲಿ ಥರ್ಸ್ಟನ್ ಎಂಬ ಇಂಗ್ಲಿಷ್ ವಿದ್ವಾಂಸನು ಹೆಳವರನ್ನು ವರ್ಣಿಸಿದ್ದಾನೆ. ಎತ್ತಿನ ಮೇಲೆ ಕುಳಿತು, ಕಾಲುಗಳು ಕಾಣದಂತೆ ಕಂಬಳಿ ಹೊದ್ದು ಅವರು ಊರಿಗೆ ಬರುತ್ತಿದ್ದರೆಂದೂ, ಆಯಾ ಮನೆಯ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುತ್ತಿದ್ದರೆಂದೂ ಅವನು ಬರೆದಿದ್ದಾನೆ. ಮೊದಲು ತಾಮ್ರದ ಹಾಳೆ, ತಾಳೆಗರಿ, ಆಮೇಲೆ ಕಾಗದ. ಹೆಳವರಲ್ಲಿ ಒಬ್ಬೊಬ್ಬರಿಗೆ ಇಂತಿಂಥ ಊರುಗಳು, ಇಂತಿಂಥ ಮನೆತನಗಳು ಎಂದು ಹಂಚಿಕೆಯುಂಟು. ಒಬ್ಬನ ಒಕ್ಕಲಿಗೆ ಇನ್ನೊಬ್ಬ ಹೋಗುವುದಿಲ್ಲ. ತಂದೆಯ ಪುಸ್ತಕ ಮಗನಿಗೆ ಬರುತ್ತದೆ, ಅದರೊಡನೆ ನಮ್ಮಂತಹ ನೂರಾರು ಮನೆಗಳೂ ಬರುತ್ತವೆ. ನಮ್ಮ ವಂಶವೇ ಇನ್ನೊಂದು ವಂಶದ ಆಸ್ತಿಯಾಗಿರುವ ಚೋದ್ಯ ಇದು. ಹರಿದ್ವಾರ, ಗಯೆಗಳ ಪಂಡರೂ ಯಾತ್ರಿಕರ ವಂಶಾವಳಿಗಳನ್ನು ಬರೆದಿಡುತ್ತಾರೆ. ಆದರೆ ಅವರಲ್ಲಿಗೆ ನಾವು ಹೋಗಬೇಕು; ಹೆಳವರು ನಮ್ಮ ಕಟ್ಟೆಗೇ ಬರುತ್ತಾರೆ.

ನಮ್ಮ ಹೆಳವಜ್ಜ ಬಂದುದು ಸುಗ್ಗಿಯ ದಿನಗಳಲ್ಲಿ. ಎತ್ತಿನ ಮೇಲಲ್ಲ, ಮೂರು ಗಾಲಿಯ ಟಂಟಂ ಗಾಡಿಯಲ್ಲಿ. ಕಾಲೂ ನೆಟ್ಟಗಿದ್ದವು. ಪಡಸಾಲೆಯಲ್ಲಿ ಕಂಬಳಿ ಹಾಸಿಸಿಕೊಂಡು, ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಚೋಪಡಿಯನ್ನು ಬಿಚ್ಚಿ, ರಾಗವಾಗಿ ಓದತೊಡಗಿದರು. ಇಂಥವನಿಗೆ ಇಂತಿಷ್ಟು ಗಂಡುಮಕ್ಕಳು, ಹಿರಿಯವನು ಹೊಲ ಹಿಡಿದ, ನಡುವಿನವನು ದತ್ತಕ ಹೋದ, ಕಿರಿಯವನಿಗೆ ಸಂತಾನವಿಲ್ಲ. ಹೀಗೆ ಎಂಟು ತಲೆಮಾರು. ನಾವು ಈ ಊರಿನ ಮೂಲನಿವಾಸಿಗಳೆಂದು ಇಷ್ಟು ದಿನ ತಿಳಿದಿದ್ದೆವಲ್ಲ, ಅಲ್ಲವಂತೆ. ಹೊಳೆಯ ಆಚೆಯ ದಂಡೆಯಿಂದ ಅಣ್ಣತಮ್ಮಂದಿರ ಜಗಳದಲ್ಲಿ ಎದ್ದು ಬಂದವರು. ಜಗಳ ಒಂದು ಎಮ್ಮೆಗಾಗಿ ಎಂಬುದನ್ನೂ ಚೋಪಡಿ ಮರೆತಿರಲಿಲ್ಲ. ಕೊನೆಗೆ ನನ್ನ ತಂದೆಯ ಹೆಸರು ಬಂತು, ನನ್ನ ತಮ್ಮನ ಹೆಸರು ಬಂತು. ನನ್ನ ಹೆಸರು ಬರಲಿಲ್ಲ.

“ಅಜ್ಜಾರ, ನಂದು?” ಎಂದೆ.

“ಹೆಣ್ಣಮಕ್ಕಳ ಹೆಸರು ಇದರಾಗ ಬರಂಗಿಲ್ಲ ಯವ್ವಾ. ನೀ ಹ್ವಾದ ಮನಿಯಾಗ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಹೋದ ಮನೆಯ ಚೋಪಡಿಯಲ್ಲಿಯೂ ಬರುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು.

ಇದನ್ನು ಹೆಳವರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಯಾರಿಗೆ ಹೊಲ ಹೋಗುತ್ತದೆಯೋ ಅವರ ಹೆಸರನ್ನು ಅವರು ಬರೆದರು. ಮನೆಯವರು ಕೇಳಿದ್ದೂ ಅಷ್ಟನ್ನೇ. ಕಲ್ಲಿನಲ್ಲಿ ಕೆತ್ತಿದವರೇನು ಬೇರೆ ಮಾಡಿದರೆ? ನಮ್ಮ ನಾಡಿನ ವೀರಗಲ್ಲುಗಳಲ್ಲಿ ಸತ್ತ ವೀರನ ಹೆಸರನ್ನು ಓದುತ್ತೇವೆ. ಅವನೊಡನೆ ಚಿತೆಯೇರಿದವಳಿಗೆ ಮಾಸ್ತಿಗಲ್ಲು ನಿಲ್ಲಿಸಿದರೆ, ಎಷ್ಟೋ ಕಡೆ ಅದರಲ್ಲಿ ಇರುವುದು ಬಳೆ ತೊಟ್ಟು ಮೇಲೆತ್ತಿದ ಒಂದು ತೋಳು ಮಾತ್ರ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ದೇಕಬ್ಬೆಯ ಹೆಸರನ್ನು ಹೇಳಿ ಅವಳ ಕಥೆಯನ್ನೂ ಹೇಳುವುದರಿಂದಲೇ ಅದು ಅಷ್ಟೊಂದು ಪ್ರಸಿದ್ಧವಾಯಿತು. ಉಳಿದವರು ತೋಳುಗಳಾಗಿ ಉಳಿದರು.

ಎಲ್ಲ ಕಡೆಯೂ ಹೀಗೆಯೇ ಎನ್ನುವಂತಿಲ್ಲ. ನಮ್ಮ ಅಧ್ಯಾಪಕಿಯರೊಬ್ಬರು ಉಡುಪಿಯ ಕಡೆಯವರು. ಅವರನ್ನು ಕೇಳಿದಾಗ ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಆರು ಹೆಂಗಸರ ಹೆಸರನ್ನು ಒಂದೇ ಉಸುರಿನಲ್ಲಿ ಹೇಳಿಬಿಟ್ಟರು. ತಂದೆಯ ತಂದೆಯ ಹೆಸರಿಗೆ ಮಾತ್ರ ಸ್ವಲ್ಪ ತಡವರಿಸಿದರು! ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಅಳಿಯಸಂತಾನ ಪದ್ಧತಿಯಿದ್ದು, ಮಕ್ಕಳಿಗೆ ‘ಬರಿ’ ಬರುವುದು ತಾಯಿಯಿಂದ. ಆಸ್ತಿಯೂ ಹೆಣ್ಣಿನ ಸಂತತಿಯಲ್ಲಿಯೇ ಇಳಿಯುತ್ತಿತ್ತು. ಹೊಲ ಯಾವ ದಾರಿಯಲ್ಲಿ ನಡೆಯುತ್ತದೆಯೋ ನೆನಪೂ ಅದೇ ದಾರಿಯಲ್ಲಿ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಅಡ್ಡಹೆಸರುಗಳ ವಿಷಯ. ಈ ಸಂಪತ್ತಿನಲ್ಲಿ ನಮ್ಮ ಕಡೆಯವರನ್ನು ಮೀರಿಸುವವರಿಲ್ಲ. ನಮ್ಮ ಹಾಜರಿ ಪುಸ್ತಕವನ್ನು ಕೂಗಿದರೆ ಅರ್ಧ ಸಂತೆ ಮುಗಿಯುತ್ತದೆ: ಬೆಲ್ಲದ, ಉಪ್ಪಿನ, ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ. ಬಡಿಗೇರ, ಕಮ್ಮಾರ, ಪತ್ತಾರ, ಹೂಗಾರರಲ್ಲಿ ಕಸಬು ಕಾಣುತ್ತದೆ. ಪಾಟೀಲ, ಕುಲಕರ್ಣಿ, ದೇಸಾಯಿಗಳಲ್ಲಿ ಹಳೆಯ ಅಧಿಕಾರ ಕಾಣುತ್ತದೆ. ಮೈಸೂರು ಸೀಮೆಯಿಂದ ಬಂದ ಹೊಸ ಅಧ್ಯಾಪಕರು ಮೊದಲ ದಿನ ಹಾಜರಿ ಕರೆಯುವಾಗ ನಗು ತಡೆಯಲು ಪಡುವ ಪಾಡನ್ನು ನಾವು ಬಲ್ಲೆವು. ಆದರೆ ನನಗೆ ಹೆಚ್ಚು ಕುತೂಹಲಕರವಾಗಿ ಕಂಡುದು ಊರಿನ ಹೆಸರುಗಳು. ಬಾದಾಮಿಯಲ್ಲಿ ಇರುವವನನ್ನು ಯಾರೂ ‘ಬಾದಾಮಿ’ ಎಂದು ಕರೆಯಲಾರರು; ಅಲ್ಲಿ ಎಲ್ಲರೂ ಬಾದಾಮಿಯವರೇ. ಅವನು ಊರು ಬಿಟ್ಟು ಹುನಗುಂದಕ್ಕೋ ಗದಗಕ್ಕೋ ಹೋಗಿ ನೆಲೆಸಿದ ಮೇಲೆಯೇ ಬಾದಾಮಿಯವನೆನಿಸುವುದು. ಆದ್ದರಿಂದ ಅಡ್ಡಹೆಸರಿನಲ್ಲಿ ಊರಿದ್ದರೆ, ಅದು ಆ ಮನೆಯವರು ಬಿಟ್ಟು ಬಂದ ಊರೆಂದು ತಿಳಿಯಬೇಕು. ಯಾವಾಗ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಮಾತ್ರ ಹೆಸರು ಹೇಳದು.

ಕಾಗದ ಪತ್ರಗಳು ಹೇಳಬಹುದಲ್ಲ ಎಂದರೆ, ಹೇಳುತ್ತವೆ. ಆದರೆ ಅವು ಏನು ಹೇಳುತ್ತವೆ ಎಂಬುದಕ್ಕೆ ನಾವು ಸಿದ್ಧರಾಗಿರಬೇಕು. ನನ್ನ ತಾಯಿಯ ತವರು ಜಮಖಂಡಿಯ ಕಡೆ. ಅದು 1948ರವರೆಗೆ ಪಟವರ್ಧನ ಮನೆತನದ ಸಂಸ್ಥಾನವಾಗಿದ್ದಿತು. ಅಲ್ಲಿಯ ಹಳೆಯ ದಫ್ತರುಗಳಲ್ಲಿ ಬಹಳಷ್ಟು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಬರೆದವು. ತಾಯಿಯ ತವರಿನ ಮಾಡಿನಲ್ಲಿ ಒಂದು ತಗಡಿನ ನಳಿಗೆ. ಅದರಲ್ಲಿ ಒಂದು ಹಳೆಯ ಕಾಗದ. ನಮ್ಮ ಹಿರಿಯರಿಗೆ ಸಂಸ್ಥಾನದಿಂದ ದೊರೆತ ಸನದು ಎಂದು ಹೇಳಿ, ಪ್ರತಿ ದಸರೆಗೂ ಆಯುಧಗಳ ಸಾಲಿನಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಮೂರು ತಲೆಮಾರು ಹೀಗೆ ನಡೆದಿತ್ತು. ಮೋಡಿ ಓದಬಲ್ಲ ಹಿರಿಯರೊಬ್ಬರ ಬಳಿಗೆ ನಾನು ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, “ತಂಗೀ, ಇದು ಸನದಲ್ಲ. ಒಂದು ಜೋಡು ಎತ್ತಿನ ಸಾಲದ ಪತ್ರ. ತೀರಿದ ಶರಾ ಎಲ್ಲಿಯೂ ಕಾಣುವುದಿಲ್ಲ” ಎಂದರು. ಈ ಸುದ್ದಿಯನ್ನು ಸೋದರಮಾವನಿಗೆ ತಿಳಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಪೂಜಿ ಮಾಡಿದ್ದಕ್ಕ ಸಾಲಗಾರ ಕೇಳಾಕ ಬಂದಿಲ್ಲ ನೋಡು” ಎಂದರು. ಈ ವರ್ಷದ ದಸರೆಯಲ್ಲಿಯೂ ಕುಂಕುಮ ತಪ್ಪಲಿಲ್ಲ.

ಅದೇ ಮನೆಯಲ್ಲಿ ತಾಯಿಯ ಅಜ್ಜನೊಬ್ಬನಿದ್ದ. ಹದಿನೇಳರ ಹರೆಯದಲ್ಲಿ ಮಗ್ಗ ಬಿಟ್ಟು ನಾಟಕದ ಕಂಪನಿಯೊಂದರ ಹಿಂದೆ ಓಡಿಹೋದವನು. ಆ ಕಾಲದಲ್ಲಿ ರಂಗದ ಮೇಲೆ ಹೆಣ್ಣಿನ ಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಈತ ಏಳು ವರ್ಷ ರಾಣಿಯಾಗಿ, ಸತಿಯಾಗಿ, ಸವತಿಯಾಗಿ ಊರೂರು ಮೆರೆದು, ಮೀಸೆ ಬಲಿತು ದನಿ ಒಡೆದ ಮೇಲೆ ಒಂದು ಟ್ರಂಕು ಸೀರೆಗಳೊಡನೆ ಮನೆಗೆ ಮರಳಿದ. ಊರವರು ನಕ್ಕರು. ಆದರೆ ಸೀರೆಯ ನಿರಿಗೆಯನ್ನು ಅಂದವಾಗಿ ಹಿಡಿಯುವುದನ್ನು ಆ ಮನೆಯ ಹೆಂಗಸರು ಕಲಿತದ್ದು ಅವನಿಂದಲೇ. ನನ್ನ ತಾಯಿ ಇಂದಿಗೂ ಮದುವೆಗೆ ಹೊರಟು ನಿರಿಗೆ ಹಿಡಿಯುವಾಗ ‘ಅಜ್ಜನ ನಿರಿಗೆ’ ಎಂದೇ ಹೇಳುವುದು. ಇಂಥವು ಚೋಪಡಿಗೂ ಬರುವುದಿಲ್ಲ, ದಫ್ತರಿಗೂ ಬರುವುದಿಲ್ಲ. ಮುದುಕರ ಬಾಯಿಂದ ಕೇಳಿ ಬರೆದುಕೊಳ್ಳಬೇಕು, ಅದೂ ಬೇಗ.

ಈಗ ಸ್ವಲ್ಪ ಗಣಿತ. ಗಣಿತವೆಂದೊಡನೆ ಪುಟ ತಿರುವಿ ಹಾಕುವ ಕಲಾ ವಿಭಾಗದ ಮಿತ್ರರು ಇದೊಂದು ಸಲ ಕ್ಷಮಿಸಬೇಕು. ಪ್ರತಿ ತಲೆಮಾರಿಗೂ ಪೂರ್ವಿಕರ ಸಂಖ್ಯೆ ಇಮ್ಮಡಿಯಾಗುತ್ತದೆ. ಹತ್ತನೆಯ ತಲೆಮಾರಿಗೆ 1,024 ಮಂದಿ. ಇಪ್ಪತ್ತನೆಯದಕ್ಕೆ 10 ಲಕ್ಷ 48 ಸಾವಿರಕ್ಕೂ ಹೆಚ್ಚು. ಮೂವತ್ತನೆಯದಕ್ಕೆ 107 ಕೋಟಿ. ತಲೆಮಾರಿಗೆ 28 ವರ್ಷವೆಂದು ಹಿಡಿದರೆ ಮೂವತ್ತು ತಲೆಮಾರೆಂದರೆ 840 ವರ್ಷ. ಹೆಚ್ಚು ಕಡಮೆ ಕಲ್ಯಾಣದ ಶರಣರ ಕಾಲ. ಆಗ ಇಡೀ ಭೂಮಂಡಲದಲ್ಲಿ ಇದ್ದ ಜನರೇ ಮೂವತ್ತು ನಾಲ್ವತ್ತು ಕೋಟಿ ಎಂದು ವಿದ್ವಾಂಸರ ಅಂದಾಜು. ಹಾಗಾದರೆ ನನ್ನೊಬ್ಬಳ 107 ಕೋಟಿ ಪೂರ್ವಿಕರು ಎಲ್ಲಿ ನಿಂತಿದ್ದರು?

ಉತ್ತರ ಸರಳವಾಗಿದೆ. ಅದೇ ವ್ಯಕ್ತಿ ಹಲವು ದಾರಿಗಳಿಂದ ಮತ್ತೆ ಮತ್ತೆ ಪೂರ್ವಿಕನಾಗಿ ಬರುತ್ತಾನೆ. ಸೋದರಮಾವನ ಮಗಳನ್ನು ಮದುವೆಯಾಗುವ ನಮ್ಮ ಕಡೆ ಇದು ಬಹಳ ಬೇಗನೆ ಸಂಭವಿಸುತ್ತದೆ. ಅಂಥ ದಂಪತಿಗಳ ಮಕ್ಕಳಿಗೆ ಎಂಟು ಮುತ್ತಜ್ಜ ಮುತ್ತಜ್ಜಿಯರ ಬದಲು ಆರೇ ಮಂದಿ. ವಂಶವೃಕ್ಷ ಎಂಬ ಮಾತೇ ಅಷ್ಟು ಸರಿಯಲ್ಲವೆಂದು ನನಗೆ ತೋರುತ್ತದೆ. ಮರದ ಕೊಂಬೆಗಳು ಬೇರೆಯಾದ ಮೇಲೆ ಮತ್ತೆ ಕೂಡುವುದಿಲ್ಲ, ಮನೆತನಗಳು ಕೂಡುತ್ತವೆ. ಇದನ್ನು ಮಗ್ಗದ ಬಟ್ಟೆಗೆ ಹೋಲಿಸುವುದು ಹೆಚ್ಚು ಉಚಿತ. ಹೆಳವನ ಚೋಪಡಿಯಲ್ಲಿರುವುದು ಆ ಬಟ್ಟೆಯ ಒಂದೇ ಒಂದು ಎಳೆ. ಎಂಟನೆಯ ತಲೆಮಾರಿನಲ್ಲಿ 256 ಸ್ಥಾನಗಳಿದ್ದರೆ ಅದು ಹೇಳುವುದು ಒಬ್ಬನ ಹೆಸರು. ಆ ಒಬ್ಬನ ಮೇಲೆ ನಮ್ಮ ಕುಲದ ಹೆಮ್ಮೆಯನ್ನೆಲ್ಲ ನಿಲ್ಲಿಸಿ ಉಳಿದ 255 ಮಂದಿಯನ್ನು ಹೊರಗಿಟ್ಟಿದ್ದೇವೆ!

ವಿಜ್ಞಾನವೂ ಈ ವಿಷಯದಲ್ಲಿ ಕೆಲವು ಮಾತು ಹೇಳುತ್ತದೆ. ನಮ್ಮ ಜೀವಕೋಶಗಳಲ್ಲಿರುವ ಡಿಎನ್‌ಎಯಲ್ಲಿ ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಇಳಿಯುತ್ತದೆ. ಇದನ್ನು ಪ್ರಕೃತಿಯ ಹೆಳವ ಎನ್ನಬಹುದು. ಆದರೆ ಪ್ರಕೃತಿ ಇನ್ನೊಂದು ಚೋಪಡಿಯನ್ನೂ ಇಟ್ಟಿದೆ: ಮೈಟೊಕಾಂಡ್ರಿಯದ ಡಿಎನ್‌ಎ. ಅದು ತಾಯಿಯಿಂದ ಮಕ್ಕಳೆಲ್ಲರಿಗೂ ಬರುತ್ತದೆ; ಆದರೆ ಮುಂದಕ್ಕೆ ಒಯ್ಯುವವರು ಹೆಣ್ಣುಮಕ್ಕಳು ಮಾತ್ರ. ಉಳಿದ ಬಹುಭಾಗ ಎರಡೂ ಕಡೆಯಿಂದ ಕಲಸಿಕೊಂಡು ಬರುವಂಥದು. 2013ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯವರೂ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯವರೂ ಕೂಡಿ, ಎಪ್ಪತ್ತಕ್ಕೂ ಹೆಚ್ಚು ಜನವರ್ಗಗಳನ್ನು ಪರೀಕ್ಷಿಸಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದಲ್ಲಿ ಬೇರೆ ಬೇರೆ ಮೂಲದ ಜನರು ವ್ಯಾಪಕವಾಗಿ ಬೆರೆತರು. ಅನಂತರವೇ ತಮ್ಮ ತಮ್ಮೊಳಗೆ ಮಾತ್ರ ಮದುವೆಯಾಗುವ ಕಟ್ಟು ಬಿಗಿಯಾಯಿತು. ಇದರಿಂದ ತಪ್ಪಿಸಿಕೊಂಡ ವರ್ಗ ಬಹುಮಟ್ಟಿಗೆ ಇಲ್ಲ. ಅಂದರೆ ಬಾಗಿಲನ್ನು ಹಾಕಿಕೊಂಡದ್ದು ಎಲ್ಲರೂ ಒಳಗೆ ಬಂದ ಮೇಲೆ. ಹಾಕಿದ ಬಾಗಿಲೂ ಎಂದೂ ತೆರೆಯಲಿಲ್ಲವೆ? ಇದಕ್ಕೆ ನಮ್ಮ ಮನೆಯ ಒಂದು ಸಂಗತಿಯನ್ನೇ ಹೇಳುತ್ತೇನೆ. ಈ ಲೇಖನವನ್ನು ಬರೆಯಲು ಹೊರಟುದೂ ಅದಕ್ಕಾಗಿಯೇ.

ನನ್ನ ಮುತ್ತಜ್ಜನ ತಂದೆಯ ಹೆಸರಿನ ಮುಂದೆ ಹೆಳವಜ್ಜನ ಚೋಪಡಿಯಲ್ಲಿ ಒಂದು ಸಾಲಿತ್ತು: ಬರದಲ್ಲಿ ಎತ್ತು ಹೊಡೆದುಕೊಂಡು ಹೋಗಿ ಎರಡು ವರ್ಷಕ್ಕೆ ಬಂದ, ಮನೆ ತುಂಬಿಸಿಕೊಂಡ. ಆ ಬರವೆಂದರೆ 1876ರಿಂದ 1878ರವರೆಗಿನ ಮಹಾ ಕ್ಷಾಮ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ಧಾತು ಈಶ್ವರ ಬರ ಎಂದು ಹೆಸರಾಯಿತು. ನಮ್ಮ ಸೀಮೆ ಆಗ ಕಲಾದಗಿ ಜಿಲ್ಲೆಗೆ ಸೇರಿದ್ದಿತು. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷವಿದ್ದ ಈ ಜಿಲ್ಲೆಯ ಜನ 1881ರ ಗಣತಿಯಲ್ಲಿ 6 ಲಕ್ಷದ ಚಿಲ್ಲರೆಗೆ ಇಳಿದಿದ್ದರು. ಸತ್ತವರೆಷ್ಟೋ, ಊರು ಬಿಟ್ಟು ಮರಳದವರೆಷ್ಟೋ. ಸರಕಾರ ಬರಗಾಲದ ಕಾಮಗಾರಿಗಳನ್ನು ತೆರೆದು ಕೆರೆ, ರಸ್ತೆಗಳಿಗೆ ಮಣ್ಣು ಹೊರಿಸಿತು. 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ನಿಗದಿ ಮಾಡಿದ ಕೂಲಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದಾಣೆ. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತಲೂ ಕಡಮೆ. ದಿನವೆಲ್ಲ ಮಣ್ಣು ಹೊತ್ತವನಿಗೆ! ಮುಂಬಯಿ ಪ್ರಾಂತದಲ್ಲಿ ಕೂಲಿಗಳು ಇದನ್ನು ಒಲ್ಲೆವೆಂದು ಕೆಲಸ ಬಿಟ್ಟು ಎದ್ದುಹೋದದ್ದೂ ಉಂಟು.

‘ಮನೆ ತುಂಬಿಸಿಕೊಂಡ’ ಎಂದರೆ ಯಾರನ್ನು ಎಂದು ಹೆಳವಜ್ಜನನ್ನು ಕೇಳಿದೆ. ಅವರು ನನ್ನ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಅಂಗಳದ ಕಡೆ ನೋಡಿದರು. ಅಂದು ಮಾತು ಅಲ್ಲಿಗೇ ನಿಂತಿತು. ರಾತ್ರಿ ನಮ್ಮ ಆಯಿಯ ಹತ್ತಿರ ಮಲಗಿದಾಗ ನಾನು ಮತ್ತೆ ಕೇಳಿದೆ. ಆಯಿ ಎಂದರೆ ತಂದೆಯ ತಾಯಿ. ವಯಸ್ಸು ಎಂಬತ್ತು ದಾಟಿದೆ. ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ರಾತ್ರಿ ಜೋಳ ಬೀಸುವಾಗ ತನ್ನ ಅತ್ತೆಯ ಬಾಯಿಂದ ಕೇಳಿದುದನ್ನು ಆಯಿ ನನಗೆ ಹೇಳಿದಳು. ಆ ಅತ್ತೆ ತನ್ನ ಅತ್ತೆಯೊಡನೆ ಇಪ್ಪತ್ತು ವರ್ಷ ಬಾಳ್ವೆ ಮಾಡಿದವಳು. ಹೀಗೆ ಮೂವರು ಸೊಸೆಯರ ಮೂಲಕ, ಬೀಸುವ ಕಲ್ಲಿನ ಬಳಿಯಿಂದ ಬಂದ ಚರಿತ್ರೆ ಇದು.

ಆಕೆ ಕಾಮಗಾರಿಯ ಮೇಲೆ ಮಣ್ಣು ಹೊರುತ್ತಿದ್ದ ಹುಡುಗಿ. ಹನ್ನೆರಡೋ ಹದಿಮೂರೋ ವಯಸ್ಸು. ತಂದೆ ತಾಯಿ ದಾರಿಯಲ್ಲಿ ಸತ್ತಿದ್ದರು. ಜೊತೆಗಿದ್ದ ಚಿಕ್ಕ ತಮ್ಮ ಕಾಮಗಾರಿಯ ಗುಡಿಸಲಿನಲ್ಲಿ ಸತ್ತ. ಅವಳ ಊರಿನ ಹೆಸರನ್ನು ಅವಳು ಹೇಳುತ್ತಿದ್ದುದುಂಟು. ಆದರೆ ಅಂಥ ಊರು ನಮ್ಮವರಿಗೆ ಯಾರಿಗೂ ಗೊತ್ತಿರಲಿಲ್ಲ, ಅವಳ ಮಾತೂ ಪೂರ್ತಿ ತಿಳಿಯುತ್ತಿರಲಿಲ್ಲ. ಜಾತಿಯನ್ನು ಯಾರೂ ಕೇಳಲಿಲ್ಲವೋ, ಕೇಳಿ ಮುಚ್ಚಿಟ್ಟರೋ ಆಯಿಗೆ ಗೊತ್ತಿಲ್ಲ. ನಮ್ಮ ಹಿರಿಯನು ಎರಡು ಎತ್ತುಗಳಲ್ಲಿ ಒಂದನ್ನು ಕಳೆದುಕೊಂಡು, ಉಳಿದ ಒಂದನ್ನೂ ಈ ಹುಡುಗಿಯನ್ನೂ ಕರೆದುಕೊಂಡು ಊರಿಗೆ ಬಂದ. ಬಂದಾಗ ಮನೆಯಲ್ಲಿ ಉಳಿದವಳು ಅವನ ಮುದಿ ತಾಯಿ ಒಬ್ಬಳೇ. ಬೇಡವೆನ್ನಲು ಬೇರೆ ಯಾರೂ ಬದುಕಿರಲಿಲ್ಲ. ಊರಿನ ಹಿರಿಯರಲ್ಲಿಯೂ ಅರ್ಧ ಜನ ಇರಲಿಲ್ಲ. ಮೂರು ನಾಲ್ಕು ವರ್ಷದ ಮೇಲೆ ಅವಳನ್ನೇ ಮದುವೆಯಾದ. ಊರವರು ಅವಳನ್ನು ‘ಬರದಾಕಿ’ ಎಂದರು. ಮಕ್ಕಳಾದ ಮೇಲೆ ಅದು ‘ಬರದವ್ವ’ ಆಯಿತು. ತಾಯಿ ತಂದೆ ಇಟ್ಟ ಹೆಸರು ಯಾವುದೆಂಬುದು ಮರೆತುಹೋಯಿತು.

ಮುದುಕಿಯಾದ ಮೇಲೂ ಅವಳು ಉಂಡ ತಾಟನ್ನು ಬೆರಳಿನಿಂದ ಒರೆಸಿ ನೆಕ್ಕದೆ ಏಳುತ್ತಿರಲಿಲ್ಲವಂತೆ. ಬಾಗಿಲಿಗೆ ಬಂದವರಾರನ್ನೂ ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಹಗೇವಿನ ಬಾಯಿ ತೆರೆದಾಗಲೆಲ್ಲ ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಗೆ ಹಾಕಿಡುತ್ತಿದ್ದಳು. ಕೇಳಿದರೆ ತಮ್ಮನದು ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಸುಗ್ಗಿಯ ಮೊದಲ ಜೋಳವನ್ನು ಒಂದು ಗಡಿಗೆಯಲ್ಲಿ ಬೇರೆ ತೆಗೆದಿಡುವ ಪದ್ಧತಿ ಇಂದಿಗೂ ಇದೆ. ಅದು ಯಾವುದೋ ದೇವರದೆಂದು ನಾನು ತಿಳಿದಿದ್ದೆ.

ಬರದವ್ವ ನನ್ನ ಹದಿನಾರು ಮಂದಿಯಲ್ಲಿ ಒಬ್ಬಳು. ಡಿಎನ್‌ಎಯ ಲೆಕ್ಕದಲ್ಲಿ ಸರಾಸರಿ ಹದಿನಾರರಲ್ಲಿ ಒಂದು ಭಾಗ ಅವಳದು. ಅವಳ ಮೈಟೊಕಾಂಡ್ರಿಯ ಮಾತ್ರ ನನಗೆ ಬಂದಿಲ್ಲ. ಏಕೆಂದರೆ ನಾನು ಅವಳ ಮಗನ ಕಡೆಯವಳು. ಅವಳ ಮಗಳೊಬ್ಬಳನ್ನು ಕೃಷ್ಣೆಯ ಆಚೆಗೆ ಕೊಟ್ಟಿದ್ದರಂತೆ. ಆ ಮಗಳ ಮಗಳ ಮಗಳು ಎಲ್ಲಿಯಾದರೂ ಇದ್ದರೆ, ಊರ ಹೆಸರೇ ಉಳಿಯದ ಆ ಊರಿನ ತಾಯಂದಿರ ಗುರುತು ಅವಳಲ್ಲಿ ಇರಬೇಕು.

ಇದನ್ನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುತ್ತೇನೆಂದಾಗ ದೊಡ್ಡಪ್ಪ ಒಪ್ಪಲಿಲ್ಲ. “ಯಾಕ ಬೇಕವ್ವಾ ಇದೆಲ್ಲಾ? ನಾಳೆ ನಿಮ್ಮ ಲಗ್ನದ ಮಾತು ಬಂದಾಗ ಮಂದಿ ಕುಲ ಕೇಳತಾರ” ಎಂದರು. ಅವರು ಕೆಟ್ಟವರಲ್ಲ. ನನ್ನ ಓದಿಗೆ ಹಣ ಕಳಿಸುವವರು ಅವರೇ. ಅವರ ಭಯ ಸುಳ್ಳೂ ಅಲ್ಲ. ನಮ್ಮ ದೊಡ್ಡಕ್ಕನಿಗೆ ನೋಡಿದ ಒಂದು ಸಂಬಂಧ ಇದಕ್ಕಿಂತಲೂ ಸಣ್ಣ ಮಾತಿಗೆ ಮುರಿದುಬಿದ್ದಿತ್ತು. ನಾನು ಉತ್ತರ ಹೇಳಲಾರದೆ ಆಯಿಯ ಕಡೆ ನೋಡಿದೆ. ಆಯಿ ಎಲೆಗೆ ಸುಣ್ಣ ಹಚ್ಚುತ್ತ, “ಊರ ಹೆಸರು ಹಾಕಬ್ಯಾಡ, ಮನಿ ಹೆಸರು ಹಾಕಬ್ಯಾಡ. ಆಕಿ ಹೆಸರು ಹಾಕು” ಎಂದಳು. ಅದರಂತೆಯೇ ಬರೆದಿದ್ದೇನೆ.

ಮಿತ್ರರಲ್ಲಿ ಯಾರಿಗಾದರೂ ಇಂಥ ಶೋಧನೆಯ ಮನಸ್ಸಾದರೆ ಶಾಲೆಯ ದಾಖಲೆಗಳಿಂದ ಆರಂಭಿಸಬಹುದು. ಜನನ ಮರಣಗಳ ನೋಂದಣಿ ಕಡ್ಡಾಯವಾದದ್ದು 1969ರ ಶಾಸನದಿಂದ. ಅದಕ್ಕಿಂತ ಹಿಂದಿನವರ ವಿಷಯದಲ್ಲಿ ಆ ನೋಂದಣಿಯನ್ನು ಹೆಚ್ಚು ನಂಬುವಂತಿಲ್ಲ. ಹೊಲದ ಪಹಣಿ, ಹಕ್ಕು ಬದಲಾವಣೆಯ ಕಾಗದಗಳು ತಂದೆಯಿಂದ ಮಗನಿಗೆ ಹೋಗುವ ಎಳೆಯನ್ನು ಚೆನ್ನಾಗಿ ತೋರಿಸುತ್ತವೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲೆಂದು ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾಯಿದೆಯಾದ ಮೇಲೆ ಈ ಕಾಗದಗಳಲ್ಲಿ ಹೆಂಗಸರ ಹೆಸರೂ ಕಾಣಿಸತೊಡಗಿದೆ. ನಮ್ಮ ಮನೆಯ ಕಾಗದಗಳಲ್ಲಿ ನನ್ನ ಇಬ್ಬರು ಸೋದರತ್ತೆಯರ ಹೆಸರು ಮೊದಲ ಬಾರಿಗೆ ಬಂದಿದೆ. ಬಂದಿರುವುದು ಹಕ್ಕು ಬಿಟ್ಟುಕೊಟ್ಟ ಪತ್ರದಲ್ಲಿ, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ.

ಈ ವರ್ಷ ಸುಗ್ಗಿಗೆ ಹೆಳವಜ್ಜ ಮತ್ತೆ ಬಂದರು. ಆಯಿ ತಾನೇ ಪಡಸಾಲೆಗೆ ಬಂದು ಕುಳಿತು, ಬರದವ್ವನ ಹೆಸರನ್ನು ಬರೆಯಬೇಕೆಂದಳು. ದೊಡ್ಡಪ್ಪ ಹೊಲದ ಕಡೆ ಹೋಗುವ ಕೆಲಸ ನೆನಪಾಗಿ ಎದ್ದುಹೋದರು. ಹೆಳವಜ್ಜ ಬಹಳ ಹೊತ್ತು ಚೋಪಡಿಯ ಹಾಳೆ ತಿರುವಿದರು. ಆ ಸಾಲಿನ ಬಳಿ ಜಾಗ ಕಡಮೆ ಇತ್ತು. ಕೊನೆಗೆ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದರು. “ನನ್ನ ಮೊಮ್ಮಗಳದೂ ಬರಿ” ಎಂದಳು ಆಯಿ. ಅದನ್ನೂ ಬರೆದರು.

“ಗಂಡ ಹುಟ್ಟಿದ್ರ ಇಷ್ಟು, ಲಗ್ನ ಆದ್ರ ಇಷ್ಟು ಅಂತ ನಮ್ಮ ಹಿರ್ಯಾರು ಕಾಣಿಕಿ ಹೇಳ್ಯಾರ ಯವ್ವಾ,” ಎಂದರು ಹೆಳವಜ್ಜ, ಲೇಖನಿಯ ಮುಚ್ಚಳ ಹಾಕುತ್ತ. “ಹೆಣ್ಣಮಗಳ ಹೆಸರು ಬರದ್ರ ಎಷ್ಟು ತಗೋಬೇಕಂತ ಯಾರೂ ಹೇಳಿಲ್ಲ.”

ಆಯಿ ಒಳಗೆ ಹೋಗಿ ಆ ಗಡಿಗೆಯನ್ನೇ ತಂದು, ಅದರಲ್ಲಿದ್ದ ಜೋಳವನ್ನೆಲ್ಲ ಅವರ ಚೀಲಕ್ಕೆ ಸುರಿದಳು.